‘ನೋಡು’ ಒಂದು, ಇಂಗ್ಲಿಷಿನಲ್ಲಿ ಮೂರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸೀ, ಲುಕ್, ವಾಚ್ ಮೂರಕ್ಕೂ ನಿಘಂಟಿನಲ್ಲಿ ‘ನೋಡು’ ಎಂದೇ ಇದೆ. ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ನಿಘಂಟು ತಪ್ಪು ಹೇಳಿಲ್ಲ, ಅರ್ಧ ಹೇಳಿದೆ. ಕನ್ನಡದಲ್ಲೂ ‘ಕಾಣು’ ಬೇರೆ, ‘ನೋಡು’ ಬೇರೆ. ಅಲ್ಲಿಂದಲೇ ಶುರು ಮಾಡಿ. ತಾನಾಗಿ ಕಣ್ಣಿಗೆ ಬೀಳುವುದು ಸೀ. ಬೇಕೆಂದೇ ಅತ್ತ ಕಣ್ಣು ಹಾಯಿಸುವುದು ಲುಕ್. ಚಲಿಸುವ ಅಥವಾ ಬದಲಾಗುವ ಸಂಗತಿಯನ್ನು ಸ್ವಲ್ಪ ಹೊತ್ತು ಗಮನವಿಟ್ಟು ನೋಡುವುದು ವಾಚ್. ‘ಐ ಲುಕ್ಡ್, ಬಟ್ ಐ ಡಿಡ್ ನಾಟ್ ಸೀ ಇಟ್’ ಅಂದರೆ ‘ನೋಡಿದೆ, ಆದರೆ ಕಾಣಲಿಲ್ಲ’. ಫೋಟೋ ಅಲುಗುವುದಿಲ್ಲ, ಹಾಗಾಗಿ ಅದಕ್ಕೆ ಲುಕ್. ಆಟದ ಪಂದ್ಯಕ್ಕೆ ವಾಚ್. ಟಿವಿಗೆ ಯಾವಾಗಲೂ ವಾಚ್. ಚಿತ್ರಮಂದಿರದ ಸಿನಿಮಾಕ್ಕೆ ಮಾತ್ರ ಸೀ, ವಾಚ್ ಎರಡೂ ನಡೆಯುತ್ತವೆ.

ಅರ್ಥ ಗೊತ್ತಿದ್ದವರೂ ಎಡವುವುದು ವ್ಯಾಕರಣದಲ್ಲಿ. ಲುಕ್ ಆದಮೇಲೆ ವಸ್ತುವಿನ ಹೆಸರು ಬಂದರೆ ನಡುವೆ ‘ಅಟ್’ ಬೇಕೇ ಬೇಕು. ‘ಲುಕ್ ದ ಬೋರ್ಡ್’ ತಪ್ಪು, ‘ಲುಕ್ ಅಟ್ ದ ಬೋರ್ಡ್’ ಸರಿ. ‘ಕಾಣುತ್ತಿದೆ’ ಎನ್ನಲು ‘ಐ ಆಮ್ ಸೀಯಿಂಗ್ ಎ ಬರ್ಡ್’ ಎನ್ನಬಾರದು, ‘ಐ ಕ್ಯಾನ್ ಸೀ ಎ ಬರ್ಡ್’ ಎನ್ನಬೇಕು. ಸೀಯಿಂಗ್ ಎಂಬ ರೂಪ ಬಂದಾಗ ಸಾಮಾನ್ಯವಾಗಿ ಅರ್ಥವೇ ಬದಲಾಗುತ್ತದೆ: ‘ಐ ಆಮ್ ಸೀಯಿಂಗ್ ದ ಡಾಕ್ಟರ್ ಟುಮಾರೊ’ ಎಂದರೆ ನಾಳೆ ವೈದ್ಯರನ್ನು ಭೇಟಿ ಮಾಡುತ್ತೇನೆ ಎಂದು. ‘ಐ ಆಮ್ ಸೀಯಿಂಗ್ ಹಿಮ್’ ಎಂದಷ್ಟೇ ಹೇಳಿದರೆ ಅವನೊಂದಿಗೆ ಪ್ರೇಮಸಂಬಂಧವಿದೆ ಎಂದೇ ಕೇಳುವವರು ತಿಳಿಯಬಹುದು.

ಹಿಯರ್, ಲಿಸನ್ ಜೋಡಿಯದ್ದೂ ಇದೇ ಕಥೆ. ಕಿವಿಗೆ ಬೀಳುವುದು ಹಿಯರ್, ಕಿವಿಗೊಡುವುದು ಲಿಸನ್. ಲಿಸನ್ ಆದಮೇಲೆ ‘ಟು’ ಬೇಕು. ಫೋನಿನಲ್ಲಿ ದನಿ ಬರದಿದ್ದರೆ ‘ಐ ಕಾಂಟ್ ಹಿಯರ್ ಯೂ’ ಎನ್ನಿ. ಲಿಸನ್ ಬಳಸಿದರೆ ‘ನಿಮ್ಮ ಮಾತಿಗೆ ಕಿವಿಗೊಡಲಾರೆ’ ಎಂಬ ಒರಟುತನ ಬರುತ್ತದೆ. ನಮ್ಮ ‘ಕೇಳು’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಸ್ಕ್ ಕೂಡ ಆಗುತ್ತದೆ. ಅಲ್ಲಿ ಪ್ರಶ್ನೆ ಕೇಳುವುದು ಆಸ್ಕ್, ವಸ್ತು ಕೇಳುವುದು ಆಸ್ಕ್ ಫಾರ್. ‘ಹಿ ಆಸ್ಕ್ಡ್ ವಾಟರ್’ ಎಂದರೆ ನೀರಿಗೇ ಪ್ರಶ್ನೆ ಹಾಕಿದಂತೆ!

ಪ್ರಶ್ನೆ: ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂಬ ವಾಕ್ಯದಲ್ಲಿ ತಪ್ಪೇನು?

ಉತ್ತರ: ಎರಡು ತಪ್ಪುಗಳಿವೆ. ‘2019ರಿಂದ’, ‘ಎರಡು ವರ್ಷದಿಂದ’ ಎರಡಕ್ಕೂ ಕನ್ನಡದಲ್ಲಿ ‘ಇಂದ’ ಸಾಕು. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ಶುರುವಾದ ಗಳಿಗೆಗೆ ಸಿನ್ಸ್, ಕಳೆದ ಅವಧಿಗೆ ಫಾರ್. ‘ಯಾವಾಗಿನಿಂದ?’ ಎಂಬ ಪ್ರಶ್ನೆಗೆ ದಿನಾಂಕ, ವಾರದ ಹೆಸರು (ಸೋಮವಾರ, ಮಂಗಳವಾರ) ಅಥವಾ ಘಟನೆ ಉತ್ತರವಾಗಿದ್ದರೆ ಸಿನ್ಸ್ ಹಾಕಿ, ‘ಎಷ್ಟು ಕಾಲ?’ ಎಂಬುದಕ್ಕೆ ಉತ್ತರವಾಗಿದ್ದರೆ ಫಾರ್. ಎರಡನೆಯ ತಪ್ಪು ಕಾಲದ್ದು. ಆಗ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ‘ಹ್ಯಾವ್ ಬೀನ್’ ಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’. ಅದೇ ‘ಐ ವರ್ಕ್ಡ್ ಹಿಯರ್ ಫಾರ್ ಟೂ ಇಯರ್ಸ್’ ಎಂದರೆ ಕೆಲಸ ಬಿಟ್ಟಾಗಿದೆ ಎಂದರ್ಥ. ಉದ್ಯೋಗದ ಅರ್ಜಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಇದರ ಜೊತೆಗೇ ಬೈ, ಅಂಟಿಲ್ ಕೂಡ ತಿಳಿದುಕೊಳ್ಳಿ. ಇಲ್ಲಿ ಕನ್ನಡವೇ ದಾರಿ ತೋರಿಸುತ್ತದೆ: ಬೈ ಅಂದರೆ ‘ಒಳಗೆ’, ಅಂಟಿಲ್ ಅಂದರೆ ‘ತನಕ’. ‘ಐ ವಿಲ್ ಬಿ ಹಿಯರ್ ಬೈ ಫೈವ್’ ಎಂದವರು ಐದರೊಳಗೆ ಬರುತ್ತಾರೆ. ‘ಅಂಟಿಲ್ ಫೈವ್’ ಎಂದವರು ಐದರ ತನಕ ಇದ್ದು ಹೊರಡುತ್ತಾರೆ. ಒಮ್ಮೆಗೇ ಮುಗಿಯುವ ಕೆಲಸಕ್ಕೆ, ಅಂದರೆ ಅರ್ಜಿ ಸಲ್ಲಿಸುವುದು, ಹಣ ಕಟ್ಟುವುದು ಇಂಥವಕ್ಕೆ, ಬೈ ಮಾತ್ರ ಸರಿ.

ಪ್ರಶ್ನೆ: ಡೌಟ್, ಸಸ್ಪೆಕ್ಟ್ ಎರಡೂ ‘ಅನುಮಾನಿಸು’ ತಾನೇ?

ಉತ್ತರ: ಎರಡನ್ನೂ ಹಾಗೆ ಅನುವಾದಿಸಬಹುದು, ಆದರೆ ದಿಕ್ಕು ಎದುರುಬದುರು. ‘ಐ ಡೌಟ್ ದಟ್ ಹಿ ಟುಕ್ ಇಟ್’ ಎಂದರೆ ಅವನು ತೆಗೆದುಕೊಂಡಿರಲಾರ ಎಂದು. ‘ಐ ಸಸ್ಪೆಕ್ಟ್ ದಟ್ ಹಿ ಟುಕ್ ಇಟ್’ ಎಂದರೆ ಅವನೇ ತೆಗೆದುಕೊಂಡಿರಬೇಕು ಎಂದು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ನಿರಪರಾಧಿ ಆರೋಪಿಯಾಗುತ್ತಾನೆ. ಹಾಗಾಗಿ ದೂರು, ವರದಿ ಬರೆಯುವಾಗ ವಿಶೇಷ ಎಚ್ಚರ ಇರಲಿ. ತರಗತಿಯಲ್ಲಿ ನಾವು ಹೇಳುವ ‘ಐ ಹ್ಯಾವ್ ಎ ಡೌಟ್’ ಭಾರತೀಯ ಇಂಗ್ಲಿಷಿನಲ್ಲಿ ಪ್ರಶ್ನೆ ಎಂಬ ಅರ್ಥದಲ್ಲಿ ನೆಲೆಯೂರಿದೆ, ಅದನ್ನು ಹಳಿಯಬೇಕಿಲ್ಲ. ಆದರೆ ಬ್ರಿಟಿಷ್ ಅಥವಾ ಅಮೆರಿಕನ್ ಕೇಳುಗರಿಗೆ ಅದು ‘ನೀವು ಹೇಳಿದ್ದು ನನಗೆ ನಂಬಿಕೆಯಿಲ್ಲ’ ಎಂದು ಕೇಳಿಸಬಹುದು. ಅಲ್ಲಿ ‘ಕ್ವೆಶ್ಚನ್’ ಎನ್ನುವುದು ಕ್ಷೇಮ.

ಪ್ರಶ್ನೆ: ಸ್ಟೀಲ್, ರಾಬ್, ಬರ್ಗ್ಲರಿ: ಎಲ್ಲವೂ ಕಳವೇ?

ಉತ್ತರ: ಸ್ಟೀಲ್ ಎಂದರೆ ಕದಿಯುವುದು; ಅದರ ಕರ್ಮ ಕಳುವಾದ ವಸ್ತು. ರಾಬ್ ಎಂದರೆ ದೋಚುವುದು. ಅದರ ಕರ್ಮ ಕಳೆದುಕೊಂಡ ವ್ಯಕ್ತಿ ಅಥವಾ ಜಾಗ. ‘ದೇ ಸ್ಟೋಲ್ ದ ಮನಿ’, ‘ದೇ ರಾಬ್ಡ್ ದ ಬ್ಯಾಂಕ್’ ಎರಡೂ ಸರಿ. ‘ದೇ ಸ್ಟೋಲ್ ದ ಬ್ಯಾಂಕ್’ ಎಂದರೆ ಬ್ಯಾಂಕನ್ನೇ ಹೊತ್ತೊಯ್ದರು ಎಂದಾಗುತ್ತದೆ. ವಸ್ತುವನ್ನೂ ಸೇರಿಸಿ ಹೇಳಬೇಕಾದರೆ ‘ಸ್ಟೋಲ್ ಮನಿ ಫ್ರಮ್ ಹರ್’, ‘ರಾಬ್ಡ್ ಹರ್ ಆಫ್ ಮನಿ’. ಒಂದಕ್ಕೆ ಫ್ರಮ್, ಇನ್ನೊಂದಕ್ಕೆ ಆಫ್.

ಕಾನೂನಿನಲ್ಲಿ ಗೆರೆ ಇನ್ನೂ ಸ್ಪಷ್ಟ. ಇಂಗ್ಲೆಂಡಿನ 1968ರ ಥೆಫ್ಟ್ ಆಕ್ಟ್ ಮೂರನ್ನೂ ಬೇರೆಬೇರೆ ಕಲಂಗಳಲ್ಲಿ ಇಟ್ಟಿದೆ: 1ನೇ ಕಲಂ ಥೆಫ್ಟ್, 8ನೇ ಕಲಂ ರಾಬರಿ, 9ನೇ ಕಲಂ ಬರ್ಗ್ಲರಿ. ಕಳವಿಗಾಗಿ ಬಲಪ್ರಯೋಗ ಮಾಡಿದರೆ ಅಥವಾ ಹೆದರಿಸಿದರೆ ರಾಬರಿ. ಕದಿಯುವ ಉದ್ದೇಶದಿಂದ ಕಟ್ಟಡದೊಳಗೆ ಅಕ್ರಮವಾಗಿ ನುಗ್ಗಿದರೆ ಬರ್ಗ್ಲರಿ. ಏನೂ ಸಿಗದೆ ಬರಿಗೈಯಲ್ಲಿ ಹೋದರೂ ಅದು ಬರ್ಗ್ಲರಿಯೇ. ಜೇಬುಗಳ್ಳ ಗೊತ್ತಾಗದಂತೆ ಪರ್ಸ್ ಎಗರಿಸಿದರೆ ಅದು ಥೆಫ್ಟ್, ಚಾಕು ತೋರಿಸಿ ಕಿತ್ತುಕೊಂಡರೆ ರಾಬರಿ.

ಪ್ರಶ್ನೆ: ಶೇಡ್ ಮತ್ತು ಶ್ಯಾಡೊ?

ಉತ್ತರ: ಎರಡೂ ನೆರಳೇ. ಆಕಾರ ಕಂಡರೆ ಶ್ಯಾಡೊ. ಬಿಸಿಲು ತಾಗದ ತಂಪು ಜಾಗ ಶೇಡ್. ಗೋಡೆಯ ಮೇಲೆ ಬೀಳುವುದು ನಿಮ್ಮ ಶ್ಯಾಡೊ, ಮರದಡಿ ಕೂರುವುದು ಶೇಡ್‌ನಲ್ಲಿ. ಈ ಅರ್ಥದಲ್ಲಿ ಶೇಡ್‌ಗೆ ಬಹುವಚನ ಹಚ್ಚುವುದಿಲ್ಲ. ‘ಶೇಡ್ಸ್’ ಎಂದರೆ ಬಣ್ಣದ ಛಾಯೆಗಳು, ಆಡುಮಾತಿನಲ್ಲಿ ತಂಪು ಕನ್ನಡಕ.

ಪ್ರಶ್ನೆ: ಎಕನಾಮಿಕ್–ಎಕನಾಮಿಕಲ್, ಹಿಸ್ಟಾರಿಕ್–ಹಿಸ್ಟಾರಿಕಲ್ ಇಂಥವಕ್ಕೆ ಒಂದು ಸಾಮಾನ್ಯ ನಿಯಮ ಇದೆಯೇ?

ಉತ್ತರ: ಇಲ್ಲ, ಹುಡುಕಲೂ ಹೋಗಬೇಡಿ. ಜೋಡಿಜೋಡಿಯಾಗಿಯೇ ಕಲಿಯಬೇಕು. ಎಕನಾಮಿಕ್ ಎಂದರೆ ಅರ್ಥವ್ಯವಸ್ಥೆಗೆ ಸಂಬಂಧಿಸಿದ್ದು, ಎಕನಾಮಿಕಲ್ ಎಂದರೆ ಮಿತವ್ಯಯದ್ದು. ದೇಶದ ನೀತಿ ಎಕನಾಮಿಕ್, ಕಡಿಮೆ ಇಂಧನ ಕುಡಿಯುವ ಕಾರು ಎಕನಾಮಿಕಲ್. ಇತಿಹಾಸದಲ್ಲಿ ನಿಲ್ಲುವಷ್ಟು ಮಹತ್ವದ್ದು ಹಿಸ್ಟಾರಿಕ್, ಇತಿಹಾಸಕ್ಕೆ ಸೇರಿದ್ದೆಲ್ಲ ಹಿಸ್ಟಾರಿಕಲ್. ಹಳೆಯ ಕಂದಾಯ ಕಡತ ಹಿಸ್ಟಾರಿಕಲ್ ದಾಖಲೆ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದದ್ದು ಹಿಸ್ಟಾರಿಕ್ ಘಟನೆ. ಎಲೆಕ್ಟ್ರಿಕ್, ಎಲೆಕ್ಟ್ರಿಕಲ್ ನಡುವಿನ ಗೆರೆ ಮಸುಕು. ವಿದ್ಯುತ್ತಿನಿಂದ ನಡೆಯುವ ನಿರ್ದಿಷ್ಟ ಸಾಧನದ ಹೆಸರಿನ ಜೊತೆ ಹೆಚ್ಚಾಗಿ ಎಲೆಕ್ಟ್ರಿಕ್ ಬರುತ್ತದೆ: ಎಲೆಕ್ಟ್ರಿಕ್ ಮೋಟರ್, ಎಲೆಕ್ಟ್ರಿಕ್ ಕಾರ್. ವಿಷಯ, ವೃತ್ತಿ, ದೋಷ ಇಂಥ ಸಾಮಾನ್ಯ ಮಾತಿಗೆ ಎಲೆಕ್ಟ್ರಿಕಲ್: ಎಲೆಕ್ಟ್ರಿಕಲ್ ಎಂಜಿನಿಯರ್, ಎಲೆಕ್ಟ್ರಿಕಲ್ ಫಾಲ್ಟ್. ಎಂಜಿನಿಯರನ್ನು ‘ಎಲೆಕ್ಟ್ರಿಕ್’ ಎಂದರೆ ಅವರೇ ವಿದ್ಯುತ್ತಿನಿಂದ ಓಡುತ್ತಾರೆ ಎಂದಾಗುತ್ತದೆ.