ಸಂಪಾದಕರ ಉತ್ತರ: ಕೊಳ್ಳದವರ ಒಪ್ಪಿಗೆಯನ್ನು ಕೇಳಿದವರು ಯಾರು?

ಮಾನ್ಯರೇ,

ಅಂತರ್ಜಾಲಕ್ಕೆ ಜೋಡಿಸಿದ ಕ್ಯಾಮೆರಾ, ಟಿವಿ, ಬೀಗಗಳಂಥ ಸ್ಮಾರ್ಟ್ ಉಪಕರಣಗಳಿಗೆ ಕಾನೂನಿನ ಕಡಿವಾಣ ಬೇಕೆಂದು ವಾದಿಸಿದ್ದ ಕಳೆದ ಸಂಚಿಕೆಯ ಲೇಖನಕ್ಕೆ ಪ್ರತಿಕ್ರಿಯೆಯಾಗಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಸ್ಥಳಾಭಾವದಿಂದ ಅದನ್ನು ಪೂರ್ತಿಯಾಗಿ ಪ್ರಕಟಿಸಲಾಗದ ಕಾರಣ ಅದರ ತಿರುಳನ್ನು ಇತರ ಓದುಗರಿಗಾಗಿ ಇಲ್ಲಿ ಹೇಳುತ್ತೇನೆ. ಉಪಕರಣವೊಂದು ತಮ್ಮ ಬಗ್ಗೆ ಮಾಹಿತಿ ಸಂಗ್ರಹಿಸುತ್ತದೆಂದು ತಿಳಿದೂ ಅದನ್ನು ಕೊಳ್ಳುವವರು ಬುದ್ಧಿ ಬಲಿತವರು, ಅವರ ಆಯ್ಕೆಯಲ್ಲಿ ಸರ್ಕಾರ ತಲೆಹಾಕಬಾರದು, ಬೇಡವಾದವರು ಕೊಳ್ಳದಿದ್ದರಾಯಿತು ಎಂಬುದು ತಮ್ಮ ಮೊದಲ ಮಾತು. ಕಟ್ಟುಪಾಡು ಹೆಚ್ಚಿದಷ್ಟೂ ಹೊಸ ಶೋಧಗಳು ಸೊರಗುತ್ತವೆ ಎಂಬುದು ಎರಡನೆಯದು. ಜನರ ಮೇಲೆ ಕಣ್ಣಿಡುವುದರಲ್ಲಿ ಯಾವ ಕಂಪನಿಗೂ ಕಡಿಮೆಯಿಲ್ಲದ ಸರ್ಕಾರಗಳಿಗೇ ಈ ಕಾವಲಿನ ಕೆಲಸವನ್ನು ಒಪ್ಪಿಸಬೇಕೇ ಎಂಬುದು ಮೂರನೆಯದು. ನನ್ನ ದೃಷ್ಟಿಯಲ್ಲಿ ಅತ್ಯಂತ ತೂಕದ ಪ್ರಶ್ನೆಯೂ ಅದೇ.

ಮೊದಲ ವಾದವನ್ನು ನಾನು ಒಪ್ಪಲಾರೆ. ಒಳಿತಾಗಲಿ ಕೆಡುಕಾಗಲಿ ಕೊಂಡವರಿಗಷ್ಟೇ ತಟ್ಟುವ ವಸ್ತುಗಳ ವಿಷಯದಲ್ಲಿ ಆ ಮಾತು ಸಲ್ಲುತ್ತದೆ, ಜಾಲಕ್ಕೆ ಜೋಡಿಸಿದ ವಸ್ತುಗಳ ವಿಷಯದಲ್ಲಿ ಸಲ್ಲುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು, ಕಾರ್ಖಾನೆಯಲ್ಲಿ ಇಟ್ಟು ಕಳುಹಿಸಿ ಆಮೇಲೆ ಯಾರೂ ಬದಲಿಸದೆ ಬಿಟ್ಟಿದ್ದ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್‌ಗಳ ಸುಮಾರು 60 ಜೋಡಿಗಳನ್ನು ಪ್ರಯೋಗಿಸಿ, ಲಕ್ಷಾಂತರ ಕ್ಯಾಮೆರಾ, ರೂಟರ್ ಮತ್ತು ವಿಡಿಯೊ ರೆಕಾರ್ಡರ್‌ಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಇಂಥ ಉಪಕರಣಗಳು ಒಟ್ಟಾಗಿ ಜಾಲತಾಣದ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಡೈನ್ ಎಂಬ ಅಂತರ್ಜಾಲ ಸೇವಾ ಸಂಸ್ಥೆಯ ಮೇಲೆ ಮುಗಿಬಿದ್ದಾಗ, ಅದನ್ನೇ ನೆಚ್ಚಿದ್ದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಬಹಳಷ್ಟು ಜನರಿಗೆ ಗಂಟೆಗಟ್ಟಲೆ ಸಿಗದಾದವು. ಕ್ಯಾಮೆರಾ ಕೊಂಡವರಿಗೆ ತಮ್ಮ ಕ್ಯಾಮೆರಾ ಕೆಟ್ಟಿದೆಯೆಂದು ಅನ್ನಿಸಲು ಕಾರಣವಿರಲಿಲ್ಲ, ಮಾರಿದವರಿಗೆ ಹಣ ಎಂದೋ ಸಂದಿತ್ತು. ತೊಂದರೆಗೆ ಸಿಕ್ಕಿದವರು ಆ ಕೊಡುಕೊಳೆಯಲ್ಲಿ ಎಲ್ಲಿಯೂ ಇಲ್ಲದವರು. ಕೊಳ್ಳುವವರಿಗೂ ಮಾರುವವರಿಗೂ ನಷ್ಟವಿಲ್ಲದ ದೋಷವನ್ನು ಅವರಿಬ್ಬರೇ ಸೇರಿ ಸರಿಪಡಿಸುತ್ತಾರೆಂದು ಕಾಯುತ್ತ ಕೂರುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಕೊಂಡವರ ಒಪ್ಪಿಗೆಯಾದರೂ ಗಟ್ಟಿಯೇ? ಅಮೆರಿಕದ ವಿಜಿಯೊ ಕಂಪನಿಯ ಸುಮಾರು 1.1 ಕೋಟಿ ಟಿವಿಗಳಲ್ಲಿ ಜನರು ಏನು ನೋಡುತ್ತಿದ್ದಾರೆಂಬ ಮಾಹಿತಿಯನ್ನು ಸೆಕೆಂಡು ಸೆಕೆಂಡಿಗೂ ಸಂಗ್ರಹಿಸಿ, ಅವರ ಒಪ್ಪಿಗೆಯಿಲ್ಲದೆ ಇತರರಿಗೆ ಮಾರಲಾಗಿತ್ತೆಂದು ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2017ರಲ್ಲಿ ಕಂಪನಿ 22 ಲಕ್ಷ ಡಾಲರ್ ತೆತ್ತು ಪ್ರಕರಣವನ್ನು ಬಗೆಹರಿಸಿಕೊಂಡಿತು. ತಿಳಿದೂ ಕೊಂಡರು ಎಂಬ ತಮ್ಮ ಮಾತಿಗೆ ಮೊದಲು ಅವರಿಗೆ ತಿಳಿದಿರಬೇಕಷ್ಟೇ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಮನೆಯೊಳಗಿನ ಪ್ರಶ್ನೆ. ಬಾಗಿಲಿನ ಬೀಗ, ಕೋಣೆಯ ಕ್ಯಾಮೆರಾ, ಮಾತು ಕೇಳಿಸಿಕೊಳ್ಳುವ ಸ್ಪೀಕರ್ ಇವೆಲ್ಲ ಸಾಮಾನ್ಯವಾಗಿ ಒಬ್ಬರ ಫೋನಿನಲ್ಲಿರುವ ಖಾತೆಗೆ ಸೇರಿರುತ್ತವೆ. ಕಂಪನಿಯ ನಿಬಂಧನೆಗಳಿಗೆ ಹೂಂ ಎಂದವರು ಅವರೊಬ್ಬರೇ. ಸಂಗಾತಿ, ಮಕ್ಕಳು, ವಯಸ್ಸಾದ ತಂದೆತಾಯಿ, ಮನೆಗೆಲಸಕ್ಕೆ ಬರುವವರು, ಒಂದು ರಾತ್ರಿ ಉಳಿಯಲು ಬಂದ ನೆಂಟರು, ಇವರೆಲ್ಲ ಆ ಒಬ್ಬರ ಕಣ್ಣಳತೆಯಲ್ಲಿ ಬದುಕುತ್ತಾರೆ. ದಾಂಪತ್ಯ ಹದಗೆಟ್ಟ ಮೇಲೆ ಮನೆ ಬಿಟ್ಟುಹೋದವರು ದೂರದಿಂದಲೇ ದೀಪ ಆರಿಸುತ್ತ, ಬೀಗದ ಸಂಖ್ಯೆ ಬದಲಿಸುತ್ತ, ಕ್ಯಾಮೆರಾದಲ್ಲಿ ನೋಡುತ್ತ ಒಳಗಿರುವವರನ್ನು ಹಿಂಸಿಸಿದ ದೂರುಗಳನ್ನು ಕೌಟುಂಬಿಕ ದೌರ್ಜನ್ಯದ ಸಂತ್ರಸ್ತರಿಗೆ ನೆರವಾಗುವವರು ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ದಾಖಲಿಸಿದ್ದಾರೆ. ದುರುದ್ದೇಶವೇ ಇಲ್ಲದ ಕಡೆಯೂ ಪ್ರಶ್ನೆ ಹಗುರವಾಗುವುದಿಲ್ಲ. ಮುಪ್ಪಿನ ತಾಯಿಯ ಕೋಣೆಯಲ್ಲಿ ಕ್ಯಾಮೆರಾ ಇಡಿಸುವ ಮಗಳ ಕಳಕಳಿ ನಿಜವಾದದ್ದೇ, ತಾಯಿ ಬಿದ್ದರೆ ಕೂಡಲೇ ತಿಳಿಯಲಿ ಎಂಬುದಷ್ಟೇ ಅವಳ ಆಸೆ. ಆದರೆ ಸೀರೆ ಬದಲಿಸುವಾಗಲೂ ಯಾರೋ ನೋಡುತ್ತಿರಬಹುದೆಂಬ ಅಳುಕಿನಲ್ಲೇ ಆ ತಾಯಿ ದಿನ ದೂಡಬೇಕಾದರೆ, ಅದನ್ನು ಇಡುವ ಮೊದಲು ಆಕೆಯನ್ನು ಯಾರೂ ಕೇಳಿರದಿದ್ದರೆ, ಕಳಕಳಿಯೊಂದರಿಂದಲೇ ಆ ಕ್ಯಾಮೆರಾವನ್ನು ಸಮರ್ಥಿಸಲಾಗದು.

ತಾಯಿ ಮಗಳ ನಡುವೆ ಕಾನೂನು ಬಂದು ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿ ಅದು ಹೊರಗೇ ಉಳಿಯಬೇಕು. ಆದರೆ ಆ ಕ್ಯಾಮೆರಾವನ್ನು ತಯಾರಿಸಿದವರ ಬಾಗಿಲನ್ನು ಅದು ತಟ್ಟಬಹುದು. ಚಿತ್ರೀಕರಣ ನಡೆಯುವಷ್ಟು ಹೊತ್ತೂ ಯಾರಿಂದಲೂ ಆರಿಸಲಾಗದ ದೀಪ ಉರಿಯುವಂತೆ, ಕೈಯಿಂದಲೇ ಮುಚ್ಚಬಹುದಾದ ಮುಚ್ಚಳ ಕ್ಯಾಮೆರಾದ ಕಣ್ಣಿಗೆ ಇರುವಂತೆ, ಒಳಗಿರುವವರು ಯಾರ ಫೋನಿನ ಹಂಗೂ ಇಲ್ಲದೆ ಬೀಗ ತೆರೆದು ಹೊರಬರುವಂತೆ ಕಟ್ಟಳೆ ಮಾಡುವುದರಿಂದ ಯಾರ ಸಂಸಾರದಲ್ಲಿಯೂ ಕೈಹಾಕಿದಂತಾಗುವುದಿಲ್ಲ. ಇದಕ್ಕೆ ಪ್ರತಿಸಲವೂ ಹೊಸ ಕಾನೂನೇ ಬೇಕೆಂದೂ ಇಲ್ಲ. ಮಕ್ಕಳೊಡನೆ ಮಾತಾಡುತ್ತಿದ್ದ ‘ಮೈ ಫ್ರೆಂಡ್ ಕೇಲಾ’ ಎಂಬ ಬೊಂಬೆಗೆ ಹತ್ತಿರದಲ್ಲಿರುವ ಯಾರು ಬೇಕಾದರೂ ಬ್ಲೂಟೂತ್ ಮೂಲಕ ಜೋಡಿಕೊಳ್ಳಬಹುದೆಂದು ಗೊತ್ತಾದಾಗ, ಜರ್ಮನಿಯ ದೂರಸಂಪರ್ಕ ನಿಯಂತ್ರಕ ಸಂಸ್ಥೆ 2017ರಲ್ಲಿ ಅದನ್ನು ನಿಷೇಧಿಸಿದ್ದು, ಬೇರೊಂದು ವಸ್ತುವಿನ ಸೋಗಿನಲ್ಲಿರುವ ಗೂಢಚಾರಿಕೆಯ ಸಾಧನಗಳ ಬಗ್ಗೆ ಮೊದಲಿನಿಂದಲೂ ಇದ್ದ ಕಾನೂನನ್ನು ಹಿಡಿದು.

ಶೋಧಗಳು ಸೊರಗುತ್ತವೆ ಎಂಬ ವಾದಕ್ಕೆ ಹೆಚ್ಚು ಹೇಳಬೇಕಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದಿರುವ ನಿಯಮಗಳು ಕೇಳುವುದು ಮುಖ್ಯವಾಗಿ ಮೂರನ್ನು: ಎಲ್ಲ ಉಪಕರಣಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ, ದೋಷ ಕಂಡವರು ಯಾರಿಗೆ ತಿಳಿಸಬೇಕೆಂದು ಪ್ರಕಟಿಸಬೇಕು, ಭದ್ರತೆಯ ಅಪ್‌ಡೇಟ್‌ಗಳು ಕನಿಷ್ಠ ಎಷ್ಟು ಕಾಲ ಸಿಗುತ್ತವೆಂದು ಮೊದಲೇ ಹೇಳಬೇಕು. ಇಷ್ಟರಿಂದ ಬಾಡಿಹೋಗುವ ಶೋಧ ಯಾವುದೆಂದು ನನಗೆ ಹೊಳೆಯುತ್ತಿಲ್ಲ. ಆದರೆ ಸಣ್ಣ ತಯಾರಕರ ಬಗೆಗಿನ ತಮ್ಮ ಆತಂಕ ಸಕಾರಣವಾದದ್ದು. ದೊಡ್ಡ ಕಂಪನಿಯ ವಕೀಲರ ದಂಡು ಒಂದು ದಿನದಲ್ಲಿ ತುಂಬುವ ದಾಖಲೆಗಳು ನಾಲ್ಕು ಜನರ ಸಂಸ್ಥೆಯ ತಿಂಗಳನ್ನೇ ನುಂಗಬಲ್ಲವು. ನಿಯಮ ಬರೆಯುವವರು ದಾಖಲೆಗಳ ರಾಶಿ ಕೇಳುವುದನ್ನು ಬಿಟ್ಟು ಉಪಕರಣವನ್ನೇ ಪರೀಕ್ಷಿಸುವಂತಾದರೆ ಆ ಭಾರ ಬಹಳಮಟ್ಟಿಗೆ ಇಳಿಯುತ್ತದೆ.

ಇನ್ನು ತಮ್ಮ ಮೂರನೆಯ ಪ್ರಶ್ನೆ. ಇಲ್ಲಿ ನಾನು ತಮ್ಮ ಜೊತೆಗಿದ್ದೇನೆ. ಕಂಪನಿಗಳನ್ನು ಕಟ್ಟಿಹಾಕಿ ಸರ್ಕಾರಕ್ಕೆ ಮಾತ್ರ ವಿನಾಯಿತಿ ಕೊಡುವ ನಿಯಂತ್ರಣವನ್ನು ನಿಯಂತ್ರಣವೆನ್ನಲು ನನಗೆ ಮನಸ್ಸಿಲ್ಲ. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯಿದೆಯ ನಿಷೇಧಗಳು 2025ರ ಫೆಬ್ರುವರಿ 2ರಿಂದ ಅನ್ವಯವಾಗುತ್ತಿವೆ. ಸಾರ್ವಜನಿಕ ಸ್ಥಳಗಳಲ್ಲಿ ಪೊಲೀಸರು ಆಗಿಂದಾಗಲೇ ಮುಖ ಗುರುತಿಸುವ ವ್ಯವಸ್ಥೆ ಬಳಸುವುದನ್ನು ಕೆಲವು ನಿರ್ದಿಷ್ಟ ಸಂದರ್ಭಗಳನ್ನು ಬಿಟ್ಟರೆ ಅದು ತಡೆಯುತ್ತದೆ. ಸರ್ಕಾರದ ಕೈಯನ್ನೂ ಹಿಡಿಯುವ ಈ ಧೈರ್ಯವನ್ನು ಮೆಚ್ಚಬೇಕು. ಆದರೆ ಅದೇ ಕಾಯಿದೆ ಸೇನೆ ಮತ್ತು ರಾಷ್ಟ್ರೀಯ ಭದ್ರತೆಗಾಗಿಯೇ ಬಳಸುವ ವ್ಯವಸ್ಥೆಗಳನ್ನು ಪೂರ್ತಿಯಾಗಿ ಹೊರಗಿಟ್ಟಿದೆ. ಭದ್ರತೆ ಎಂಬ ಕಾರಣ ಎಷ್ಟು ಹಿಗ್ಗಬಲ್ಲದೆಂದು ತಾವೇ ಪತ್ರದಲ್ಲಿ ಬರೆದಿದ್ದೀರಿ. ಮನೆಯ ಕ್ಯಾಮೆರಾದ ದೃಶ್ಯವನ್ನು ಪೊಲೀಸರು ಕೇಳಿದಾಗ ನ್ಯಾಯಾಲಯದ ಆದೇಶ ಇರಲೇಬೇಕು, ಸಂಬಂಧಪಟ್ಟವರಿಗೆ ಆಮೇಲಾದರೂ ಅದು ತಿಳಿಯಬೇಕು, ನಿಯಂತ್ರಕರನ್ನು ನೇಮಿಸುವ ಅಧಿಕಾರ ಆಡಳಿತದಲ್ಲಿರುವವರ ಕೈಯಲ್ಲಿ ಮಾತ್ರ ಇರಬಾರದು. ಇವಿಲ್ಲದೆ ಬರುವ ಕಾನೂನನ್ನು ನಮ್ಮ ಪತ್ರಿಕೆ ಬೆಂಬಲಿಸುವುದಿಲ್ಲ.

ಕಳೆದ ಸಂಚಿಕೆಯ ಲೇಖನ ಈ ಕೊನೆಯ ವಿಷಯವನ್ನು ಮುಟ್ಟಿಯೇ ಇರಲಿಲ್ಲ ಎಂಬ ತಮ್ಮ ಆಕ್ಷೇಪ ಸರಿಯಾಗಿದೆ. ಪತ್ರದ ಆ ಭಾಗವನ್ನು ತಾವೇ ವಿಸ್ತರಿಸಿ ಲೇಖನವಾಗಿ ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಕಾದಿರಿಸುತ್ತೇನೆ.

— ಸಂಪಾದಕ