ಕೇಸರಬಾಯಿಯವರ ನಂತರ ಹಾಡುವವನು ಯಾರು?

ಪ್ರಶ್ನೆ: ವಾಯೇಜರ್ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದ ಚಿನ್ನದ ರೆಕಾರ್ಡಿನ ಹಾಡುಗಳನ್ನು ಮಗ ಮೊಬೈಲಿನಲ್ಲಿ ಹಾಕಿಕೊಟ್ಟ. ಕೇಸರಬಾಯಿ ಕೇರ್ಕರ್ ಅವರ ಭೈರವಿ ಮುಗಿದ ಕೂಡಲೇ ಯಾರೋ ಬಾಯಿ ಮುಚ್ಚಿಕೊಂಡು ನರಳಿದ ಹಾಗೆ ಕೇಳಿಸಿತು, ಜೊತೆಗೊಂದು ಗಿಟಾರು. ಒಂದೂ ಮಾತಿಲ್ಲ. ಯಾರವರು? ಅದು ಹಾಡೋ, ಅಳುವೋ?
– ಓದುಗರೊಬ್ಬರು, ಧಾರವಾಡ

ಉತ್ತರ: ಕೇಸರಬಾಯಿಯವರು ಮುಗಿಸಿದ ಮೇಲೂ ಕಿವಿ ತೆಗೆಯದೆ ಕೂತಿದ್ದಿರಲ್ಲ, ಅದಕ್ಕೇ ಒಂದು ನಮಸ್ಕಾರ. ನಿಮ್ಮೂರಿನ ಮಲ್ಲಿಕಾರ್ಜುನ ಮನ್ಸೂರರ ಜೈಪುರ-ಅತ್ರೌಲಿ ಘರಾಣೆಯವರೇ ಆಕೆ. ಅವರ ಮೂರೂವರೆ ನಿಮಿಷದ ಬೆನ್ನಿಗೇ ಮೂರೂಕಾಲು ನಿಮಿಷ ಹಾಡುವವನು ಬ್ಲೈಂಡ್ ವಿಲೀ ಜಾನ್ಸನ್. ಅಮೆರಿಕದ ಟೆಕ್ಸಾಸಿನವನು, ಕಪ್ಪು ಜನಾಂಗದವನು, ಕಣ್ಣಿಲ್ಲದವನು. ಬೀದಿ ಮೂಲೆಯಲ್ಲಿ ನಿಂತು ದೇವರ ಹಾಡು ಹಾಡಿ ಹೊಟ್ಟೆ ಹೊರೆದವನು. ಅವನಾದ ಮೇಲೆ ಬೀಥೋವನ್, ಅಲ್ಲಿಗೆ ರೆಕಾರ್ಡು ಮುಗಿಯಿತು. (ಅದೇ ರೆಕಾರ್ಡಿನಲ್ಲಿ ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು’ ಎಂಬ ನಮ್ಮ ಮಾತೂ ಇದೆ. ಮಗನಿಗೆ ಹೇಳಿ ಹುಡುಕಿಸಿ.)

ಹಾಡೋ ಅಳುವೋ ಎಂದಿರಿ. ಅದಕ್ಕೊಂದು ಹೆಸರಿದೆ: ‘ಡಾರ್ಕ್ ವಾಸ್ ದಿ ನೈಟ್, ಕೋಲ್ಡ್ ವಾಸ್ ದಿ ಗ್ರೌಂಡ್’. ಕತ್ತಲ ರಾತ್ರಿ, ತಣ್ಣನೆಯ ನೆಲ. ಶಿಲುಬೆಗೇರುವ ಮುನ್ನ ಏಸು ತೋಟದಲ್ಲಿ ಒಬ್ಬನೇ ಪ್ರಾರ್ಥಿಸಿದ ರಾತ್ರಿಯನ್ನು ಕುರಿತ ಹಳೆಯ ಇಂಗ್ಲಿಷ್ ಸ್ತೋತ್ರದ ಮೊದಲ ಸಾಲು ಅದು. ಜಾನ್ಸನ್ ಸ್ತೋತ್ರದ ಮಾತುಗಳನ್ನೆಲ್ಲ ಬಿಟ್ಟು ಬರೀ ಗುನುಗುತ್ತಾನೆ. ಗಿಟಾರು ಒಂದು ಎಳೆ ಎಳೆಯುತ್ತದೆ, ಕಂಠ ಅದನ್ನೇ ಹಿಡಿದು ಇನ್ನಷ್ಟು ಮೇಲೆ ನಡುಗುತ್ತದೆ, ಮತ್ತೆ ಗಿಟಾರು. ಖಯಾಲಿಗೆ ಸಾರಂಗಿ ಸಾಥ್ ಕೊಡುವುದನ್ನು ಕೇಳಿ ಬೆಳೆದ ಕಿವಿಗೆ ಇದು ಹೊಸದಾಗಿ ಕಾಣದು. ಅವನ ಬೇರೆ ಹಾಡುಗಳಲ್ಲಂತೂ ಸಾಲನ್ನು ಅರ್ಧಕ್ಕೇ ಬಿಡುತ್ತಾನೆ; ಉಳಿದ ಮಾತನ್ನು ತಂತಿ ಹೇಳಿ ಮುಗಿಸುತ್ತದೆ.

ನಾನು ಇದನ್ನು ಮೊದಲು ಕೇಳಿದ್ದು ಗೆಳೆಯನೊಬ್ಬ ಕಾಪಿ ಮಾಡಿಕೊಟ್ಟ ಕ್ಯಾಸೆಟ್ಟಿನಲ್ಲಿ. ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ. ಟೇಪ್ ರೆಕಾರ್ಡರಿನ ಹೆಡ್ಡು ಕೊಳೆಯಾಗಿದೆ ಎಂದುಕೊಂಡು ಹತ್ತಿಗೆ ಸ್ಪಿರಿಟ್ ಹಚ್ಚಿ ಎರಡು ಸಲ ಒರೆಸಿದೆ. ಚಟಪಟ ಹೋಗಲಿಲ್ಲ. 1927ರ ಡಿಸೆಂಬರ್ 3ರಂದು ಡಲ್ಲಾಸಿನಲ್ಲಿ ಕೊಲಂಬಿಯಾ ಕಂಪನಿ ಮಾಡಿಕೊಂಡ ರೆಕಾರ್ಡು ಅದು. ಸವೆದ ಅರಗಿನ ಪ್ಲೇಟಿನ ಸದ್ದೂ ಹಾಡಿನ ಜೊತೆಗೇ ಬಂದಿತ್ತು. ಆ ಒಂದೇ ದಿನ ಆರು ಹಾಡು ಹಾಡಿದ್ದಾನೆ. 1930ರ ಏಪ್ರಿಲ್‌ವರೆಗೆ ಡಲ್ಲಾಸ್, ನ್ಯೂ ಆರ್ಲಿಯನ್ಸ್, ಅಟ್ಲಾಂಟ ಎಲ್ಲ ಸೇರಿ ಪ್ಲೇಟಿನ 30 ಮಗ್ಗುಲು. ಆಮೇಲೆ ಆರ್ಥಿಕ ಕುಸಿತ ಬಂತು, ರೆಕಾರ್ಡು ಕೊಳ್ಳುವವರು ಇಲ್ಲದಾದರು, ಕಂಪನಿ ಮತ್ತೆ ಕರೆಯಲಿಲ್ಲ. ಬದುಕಿದ್ದ ಉಳಿದ 15 ವರ್ಷದ ಒಂದು ಸ್ವರವೂ ನಮಗೆ ದಕ್ಕಿಲ್ಲ.

ಪ್ರಶ್ನೆ: ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ಅಂದರೆ ಕುಡಿತ, ಪ್ರೇಮಭಂಗ, ಜೈಲಿನ ಹಾಡು ಎಂದು ಕೇಳಿದ್ದೆ. ಬರೀ ದೇವರ ಹಾಡು ಹಾಡಿದ ಜಾನ್ಸನ್ ಬ್ಲೂಸ್ ವಾದಕ ಹೇಗಾದ? ಅವನ ಕಣ್ಣು ಮಲತಾಯಿಯಿಂದ ಹೋಯಿತಂತೆ, ನಿಜವೇ?
– ಓದುಗಿ, ಬೆಂಗಳೂರು

ಉತ್ತರ: ನಿಮ್ಮ ಮೊದಲ ಅನುಮಾನ ಸರಿಯಾಗಿಯೇ ಇದೆ. ಚರ್ಚಿಗೆ ಹೋಗುವ ಮಂದಿ ಬ್ಲೂಸನ್ನು ಸೈತಾನನ ಸಂಗೀತ ಎನ್ನುತ್ತಿದ್ದ ಕಾಲ ಅದು. ಇವನು ರೆಕಾರ್ಡಿಗೆ ಕೊಟ್ಟದ್ದೆಲ್ಲ ಭಕ್ತಿಗೀತೆಯೇ. ಆದರೆ ಬೆರಳು ಬ್ಲೂಸಿನದು. ಮಾತನ್ನು ಮರೆತು ಗಿಟಾರನ್ನಷ್ಟೇ ಕೇಳಿದರೆ ಪಕ್ಕದ ಹೆಂಡದಂಗಡಿಯ ವಾದಕನಿಗೂ ಇವನಿಗೂ ಮನೆ ಒಂದೇ, ಬಾಗಿಲು ಬೇರೆ. ಕಂಠವೂ ಎರಡು: ಗಂಟಲು ಕೆರೆದ ಹಾಗೆ ಗುಡುಗುವ ದನಿ ಒಂದು, ಅಪರೂಪಕ್ಕೆ ತೆಗೆಯುವ ಮೆದು ದನಿ ಇನ್ನೊಂದು.

ಕಣ್ಣಿನ ಕತೆ ಹೇಳಿದವಳು ಹೆಂಡತಿ ಆ್ಯಂಜಲಿನ್. 1950ರ ದಶಕದಲ್ಲಿ ಸ್ಯಾಮ್ಯುಯಲ್ ಚಾರ್ಟರ್ಸ್ ಎಂಬ ಸಂಗೀತ ಸಂಶೋಧಕ ಅವಳನ್ನು ಹುಡುಕಿಕೊಂಡು ಹೋದಾಗ ಹೇಳಿದ್ದು. ಏಳು ವರ್ಷದವನಿದ್ದಾಗ ಅಪ್ಪನಿಗೂ ಮಲತಾಯಿಗೂ ಜಗಳವಾಗಿ, ಅವಳು ಎರಚಿದ, ಚರ್ಮ ಸುಡುವ ಕಾಸ್ಟಿಕ್ ನೀರು ಹುಡುಗನ ಮುಖಕ್ಕೆ ಬಿತ್ತಂತೆ. ನಾನು ಇದನ್ನು ಅವಳ ಮಾತೆಂದೇ ಇಟ್ಟುಕೊಂಡಿದ್ದೇನೆ. ಏಕೆಂದರೆ ಇವನ ಸಾವಿಗೂ ಎರಡು ಕತೆಯಿದೆ. ಬೋಮಾಂಟ್ ಊರಿನಲ್ಲಿ ಮನೆಗೆ ಬೆಂಕಿ ಬಿತ್ತು; ಹೋಗಲು ಜಾಗವಿಲ್ಲದೆ ಒದ್ದೆ ಹಾಸಿಗೆಯ ಮೇಲೆ ನ್ಯೂಸ್ ಪೇಪರ್ ಹಾಸಿ ಮಲಗಿದರು; ಅವನಿಗೆ ನ್ಯುಮೋನಿಯಾ ಆಯಿತು, ಕುರುಡನೆಂದು ಆಸ್ಪತ್ರೆಯವರು ಸೇರಿಸಿಕೊಳ್ಳಲಿಲ್ಲ. ಇದು ಆ್ಯಂಜಲಿನ್ ಹೇಳಿದ್ದು. 1945ರ ಸೆಪ್ಟೆಂಬರ್ 18ರ ಮರಣಪತ್ರದಲ್ಲಿ ಬರೆದಿರುವುದು ಮಲೇರಿಯಾ ಜ್ವರ. ಮನೆ ಸುಟ್ಟವಳ ನೆನಪಿಗೂ ಸರ್ಕಾರಿ ಕಾಗದಕ್ಕೂ ಪಂಚಾಯ್ತಿ ಮಾಡಲು ನಾನು ಹೋಗುವುದಿಲ್ಲ.

ಕೆಲವು ಹಾಡಿನಲ್ಲಿ ಹಿಂದಿನಿಂದ ಹೆಣ್ಣುದನಿ ಬರುತ್ತದಲ್ಲ, ಅದೂ ಆ್ಯಂಜಲಿನಳದೇ ಎಂದು ಬಹಳ ವರ್ಷ ನಂಬಿದ್ದರು. ಅದು ಅವಳಿಗಿಂತ ಮೊದಲು ಅವನ ಜೊತೆ ಬಾಳಿದ ವಿಲೀ ಬಿ. ಹ್ಯಾರಿಸ್ ಎಂಬವಳದು ಎಂದು ಆಮೇಲೆ ತಿಳಿಯಿತು. ಅವಳು ಹಾಡಿದ್ದನ್ನು ದಯವಿಟ್ಟು ಗಮನಿಸಿ ಕೇಳಿ. ಅವನು ನುಂಗಿದ ಪದಗಳನ್ನು ಸ್ಪಷ್ಟವಾಗಿ ಹೇಳುವವಳು ಅವಳೇ.

ಪ್ರಶ್ನೆ: ಜಾನ್ಸನ್ ಚಾಕುವಿನಿಂದ ಗಿಟಾರ್ ನುಡಿಸುತ್ತಿದ್ದನಂತೆ. ನನ್ನ ಬಳಿ ಸಾದಾ ಗಿಟಾರಿದೆ. ಪ್ರಯತ್ನಿಸಬಹುದೇ?
– ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಚಾಕು ಎನ್ನುವವರಿದ್ದಾರೆ, ಉಂಗುರ ಎನ್ನುವವರಿದ್ದಾರೆ. ನೀನು ಚಾಕು ಮುಟ್ಟಬೇಡ ಮಾರಾಯ, ನಿನ್ನ ಅಮ್ಮನಿಗೆ ನಾನು ಉತ್ತರ ಕೊಡಬೇಕಾಗುತ್ತದೆ. ಕಿರುಬೆರಳು ಹೋಗುವಷ್ಟು ಅಗಲದ, ನುಣುಪಾದ ಸ್ಟೀಲ್ ಕೊಳವೆಯ ತುಂಡನ್ನು ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸಿದರೆ ಸಾಕು. ಮೊದಲು ಶ್ರುತಿ ಬದಲಿಸು: ಆರನೆಯ, ಎರಡನೆಯ, ಒಂದನೆಯ ತಂತಿಗಳನ್ನು ಎರಡೆರಡು ಮನೆಯಷ್ಟು (ಮನೆ ಅಂದರೆ ಒಂದು ಫ್ರೆಟ್), ಮೂರನೆಯದನ್ನು ಒಂದು ಮನೆಯಷ್ಟು ಸಡಿಲಿಸು. ದಪ್ಪ ತಂತಿಯಿಂದ ಮೀಟುತ್ತ ಬಂದರೆ ಸ-ಪ-ಸ-ಗ-ಪ-ಸ ಕೇಳಬೇಕು. ಹೆಬ್ಬೆರಳಲ್ಲಿ ದಪ್ಪ ತಂತಿಯ ಷಡ್ಜವನ್ನು ತಂಬೂರಿಯಂತೆ ಬಿಡದೆ ಮೀಟುತ್ತಿರು. ಕೊಳವೆಯನ್ನು ಒತ್ತಬೇಡ, ತಂತಿಗೆ ತಾಗಿಸಿದರೆ ಸಾಕು. ಅದೂ ಎರಡು ಮೆಟ್ಟಿಲ (ಫ್ರೆಟ್ಟಿನ ಪಟ್ಟಿಗಳ) ನಡುವೆ ಅಲ್ಲ, ಲೋಹದ ಮೆಟ್ಟಿಲ ನೇರ ಮೇಲೆ. ಕೊಳವೆಯ ಹಿಂದಿನ ಬೆರಳನ್ನೂ ತಂತಿಯ ಮೇಲೆ ಮೆಲ್ಲಗೆ ಮಲಗಿಸು, ಇಲ್ಲದಿದ್ದರೆ ಕಿರ್ ಎನ್ನುತ್ತದೆ.

ನನ್ನದು ಆರು ತಿಂಗಳಾದರೂ ಕಿರ್ ಎನ್ನುತ್ತಲೇ ಇತ್ತು. ಕೊನೆಗೆ ಮೇಲಿನ ಮನೆಯವರು ಇಳಿದು ಬಂದು, ನಿಮ್ಮ ಬಾಗಿಲಿನ ಕೀಲಿಗೆ ಎಣ್ಣೆ ಬಿಡಿ ಸಾರ್ ಅಂದರು.