ಸ್ಟೋನ್‌ಹೆಂಜ್ ಕಲ್ಲುಗಳ ಮೇಲಿನ ಕೊಡಲಿ ಆಕಾರದ ಕೆತ್ತನೆಗಳನ್ನು ಅರ್ಥೈಸುವುದು ಹೇಗೆ?

ಮೊದಲು ಕಾಲ ನೋಡಿ, ಅರ್ಥ ಆಮೇಲೆ. ಇಂಗ್ಲೆಂಡಿನ ಈ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ್ದು ಕ್ರಿ.ಪೂ. 2500ರ ಸುಮಾರಿಗೆ. ಅವುಗಳ ಮೇಲಿನ ಕೊಡಲಿಗಳ ಆಕಾರ ಮಾತ್ರ ಕ್ರಿ.ಪೂ. 1750–1500ರ ಕಂಚಿನ ಕೊಡಲಿಗಳದು. ಹಾಗಾಗಿ ಕಲ್ಲು ನಿಲ್ಲಿಸಿದವರ ಸಂದೇಶವೆಂದು ಇವನ್ನು ಓದಲೇಬಾರದು. 1953ರಲ್ಲಿ ಅಲ್ಲಿನ ಒಂದು ಕಲ್ಲಿನ ಮೇಲೆ ಕಂಡ ಕಠಾರಿಯ ಕೆತ್ತನೆಯನ್ನು ಗ್ರೀಸಿನ ಪ್ರಾಚೀನ ನಗರ ಮೈಸಿನಿಗೆ ಜೋಡಿಸಿದ್ದು ಬರೀ ಹೋಲಿಕೆಯನ್ನು ನೆಚ್ಚಿಕೊಂಡು. ಆ ವಾದ ಈಗ ನಿಲ್ಲುವುದಿಲ್ಲ.

ಇಂಥ ಯಾವುದೇ ಕಲ್ಲನ್ನು ಪರೀಕ್ಷಿಸುವಾಗ ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಷ್ಟು ಓರೆಯಾಗಿ ಟಾರ್ಚನ್ನು ಹಿಡಿದು, ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಒಂದೇ ಬೆಳಕಿನಲ್ಲಿ ಮಾತ್ರ ಕಾಣುವ ಗೆರೆಯನ್ನು ನಂಬಬೇಡಿ; ಮಳೆಗೆ ಸವೆದ ಗುಳಿಯೂ ಹಾಗೇ ಕಾಣುತ್ತದೆ. ಸೀಮೆಸುಣ್ಣ ತೀಡಲೇಬೇಡಿ: ಕಲ್ಲಿಗೂ ಹಾನಿ, ಫೋಟೊದಲ್ಲಿ ಉಳಿಯುವುದೂ ನಿಮ್ಮ ಊಹೆಯ ಗೆರೆಯೇ. ಸ್ಟೋನ್‌ಹೆಂಜ್‌ನಲ್ಲೇ, 2012ರಲ್ಲಿ ಪ್ರಕಟವಾದ ಲೇಸರ್ ಸ್ಕ್ಯಾನ್ ವಿಶ್ಲೇಷಣೆಯಲ್ಲಿ 71 ಹೊಸ ಕೊಡಲಿ ಕೆತ್ತನೆಗಳು ಸಿಕ್ಕವು, ಬಹಳಷ್ಟು ಬರಿಗಣ್ಣಿಗೆ ಕಾಣದಷ್ಟು ಸವೆದಿದ್ದವು.